ರಾತ್ರಿ ಹತ್ತು ಗಂಟೆಯ ರಸೀದಿ

ರಷ್ಯನ್ ಲೇಖಕ ದೊಸ್ತೊಯೆವ್‌ಸ್ಕಿಯ ‘ಜೂಜುಕೋರ’ ಕಾದಂಬರಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ನನ್ನನ್ನು ಕಥೆಗಿಂತ ಹೆಚ್ಚು ಕಾಡಿದ್ದು ಅದರ ಹಿಂದಿದ್ದ ಕರಾರು. ಸಾಲ ಕೊಟ್ಟವರ ಕಾಟ ತಾಳಲಾರದೆ 1865ರಲ್ಲಿ ಆತ ಪೀಟರ್ಸ್‌ಬರ್ಗಿನ ಪ್ರಕಾಶಕ ಸ್ಟೆಲ್ಲೊವ್‌ಸ್ಕಿಗೆ ತನ್ನ ಕೃತಿಗಳನ್ನು 3,000 ರೂಬಲ್‌ಗೆ ಬರೆದುಕೊಟ್ಟ. ಜೊತೆಗೆ 1866ರ ನವೆಂಬರ್ 1ರೊಳಗೆ ಒಂದು ಹೊಸ ಕಾದಂಬರಿ ಕೊಡಬೇಕು. ಗಡುವು ಮೀರಿದರೆ 9 ವರ್ಷ ಅವನ ಬರಹವೆಲ್ಲ ಪ್ರಕಾಶಕನಿಗೆ ಪುಕ್ಕಟೆ! ಕೊಟ್ಟ ಹಣವಾದರೂ ಉಳಿಯಿತೇ? ದೊಸ್ತೊಯೆವ್‌ಸ್ಕಿಯ ಪ್ರೋನೋಟುಗಳನ್ನು, ಅಂದರೆ ಸಾಲಪತ್ರಗಳನ್ನು, ಸ್ಟೆಲ್ಲೊವ್‌ಸ್ಕಿ ಮೊದಲೇ ಅಗ್ಗಕ್ಕೆ ಕೊಂಡಿಟ್ಟುಕೊಂಡಿದ್ದ. ಬಹುಪಾಲು ಅವನ ಜೇಬಿಗೇ ಮರಳಿತು ಎಂದು ಮುಂದೆ ದೊಸ್ತೊಯೆವ್‌ಸ್ಕಿಯ ಹೆಂಡತಿಯಾದ ಅನ್ನಾ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ.

ಗೆಳೆಯರು ಆಳಿಗೊಂದು ಅಧ್ಯಾಯ ಬರೆದುಕೊಡುತ್ತೇವೆ ಅಂದರು. ಆತ ಒಪ್ಪಲಿಲ್ಲ. ಅಕ್ಟೋಬರ್ 4ಕ್ಕೆ ಶೀಘ್ರಲಿಪಿ ಕಲಿತ ಇಪ್ಪತ್ತರ ಹುಡುಗಿ ಅನ್ನಾ ಸ್ನಿಟ್ಕಿನಾ ಬಂದಳು. ಹಗಲು ಅವನು ಹೇಳುವುದು, ರಾತ್ರಿ ಅವಳು ಮನೆಯಲ್ಲಿ ಶುದ್ಧಪ್ರತಿ ಮಾಡುವುದು. 26 ದಿನದಲ್ಲಿ ‘ಜೂಜುಕೋರ’ ಮುಗಿಯಿತು. ಎಲ್ಲರೂ ಹೇಳುವುದು ಈ 26 ದಿನದ ಕಥೆಯನ್ನೇ. ನನಗೆ ಮುಖ್ಯವೆನಿಸಿದ್ದು ಕೊನೆಯ ದಿನ. ಸ್ಟೆಲ್ಲೊವ್‌ಸ್ಕಿ ಊರಲ್ಲಿಲ್ಲ, ಗುಮಾಸ್ತ ಕಟ್ಟು ಮುಟ್ಟಲೊಲ್ಲ. ಇಂಥದ್ದಾಗಬಹುದೆಂದು ಅನ್ನಾ ಮೊದಲೇ ವಕೀಲರನ್ನು ಕೇಳಿಟ್ಟಿದ್ದಳು. ಹಾಗಾಗಿ ಹಸ್ತಪ್ರತಿ ಪೊಲೀಸ್ ಠಾಣೆಗೆ ಹೋಯಿತು. ರಸೀದಿ ಕೈಗೆ ಬಂದಾಗ ರಾತ್ರಿ ಹತ್ತು. ಗಡುವಿಗೆ ಎರಡೇ ಗಂಟೆ ಬಾಕಿ.

ಇದನ್ನು ಓದಿ ನಾನು ಹೊಟ್ಟೆಯುರಿದುಕೊಂಡೆ. ಹಿಂದೊಮ್ಮೆ ನನ್ನದೇ ಒಂದು ಅನುವಾದವನ್ನು ಪ್ರಕಾಶನದ ಮೇಜಿನ ಮೇಲಿಟ್ಟು ಕಾಫಿ ಕುಡಿದು ಬಂದಿದ್ದೆ. ವರ್ಷದ ಮೇಲೆ ವಿಚಾರಿಸಿದರೆ, “ನಮಗೆ ಬಂದೇ ಇಲ್ಲವಲ್ಲ ಸಾರ್.” ಇದ್ದದ್ದು ಅದೊಂದೇ ಪ್ರತಿ.

‘ಜೂಜುಕೋರ’ ಮುಗಿದಾಗ ಬೇರೆ ಪ್ರಕಾಶಕರ ಬಳಿ ಎರಡು ಪ್ರತಿ ಹಿಡಿದು ಹೋದೆ. ಯಜಮಾನರಿರಲಿಲ್ಲ. “ಇಟ್ಟು ಹೋಗಿ ಸಾರ್, ಹೇಳ್ತೀನಿ,” ಎಂದ ಹುಡುಗ. ನನ್ನ ಪ್ರತಿಯ ಮೊದಲ ಪುಟ ತೋರಿಸಿ, “ಇಲ್ಲೊಂದು ಸೀಲು ಹಾಕಪ್ಪ, ತಾರೀಖು ಬರಿ,” ಅಂದೆ. ಅವನಿಗೆ ಪೇಚಾಟ. ಡ್ರಾಯರೆಲ್ಲ ತಡಕಿದ, ಇಂಕ್ ಪ್ಯಾಡು ಒಣಗಿತ್ತು. ನಾಲ್ಕು ಹನಿ ನೀರು ಹಾಕಿ ಒತ್ತಿದ. ಸೀಲು ತಲೆಕೆಳಗಾಗಿ ಬಿತ್ತು, ಆದರೂ ಹೆಸರು ಓದಬಹುದು. ಕೆಳಗೆ ಅವನ ಸಹಿ, ನಾನು ಹೇಳಿ ಬರೆಸಿದ ಪುಟಸಂಖ್ಯೆ.

ಆರು ತಿಂಗಳಿಗೆ ಯಜಮಾನರೇ ಫೋನ್ ಮಾಡಿದರು: “ಇನ್ನೂ ಕಳಿಸಿಲ್ಲವಲ್ಲ?” ಆ ಪುಟದ ಫೋಟೋ ವಾಟ್ಸಾಪ್ ಮಾಡಿದೆ. ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ, “ಬೀರುವಿನಲ್ಲೇ ಇದೆ, ಸಿಕ್ಕಿತು.”