ಲೈವ್ ಲಿನಕ್ಸ್ ಏಳುತ್ತಿಲ್ಲವೇ? ಎಲ್ಲಿ ಕೈಕೊಟ್ಟಿತು ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಹೊಸ ಪ್ರೊಸೆಸರ್ ಕೇಳುತ್ತದೆ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ ಅದೆಲ್ಲ ಎಲ್ಲಿಂದ ಬರಬೇಕು? ಹೀಗಾಗಿ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಮನೆಗಳಲ್ಲೂ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಹೇಗೆ ಎಂಬ ಮಾತು ಶುರುವಾಗಿದೆ.

ನೇರವಾಗಿ ಹಾಕಬೇಕಿಲ್ಲ. ಮೊದಲು ಲೈವ್ ಆಗಿ ಓಡಿಸಿ ನೋಡಬಹುದು. ಪೆನ್‌ಡ್ರೈವ್‌ನಿಂದಲೇ ಇಡೀ ಸಿಸ್ಟಮ್ ಎದ್ದು ರ‍್ಯಾಮ್‌ನಲ್ಲಿ ಓಡುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿರುವ ವಿಂಡೋಸ್, ಮದುವೆ ಫೋಟೋ, ಪಹಣಿ ಸ್ಕ್ಯಾನ್ ಎಲ್ಲ ಇದ್ದಲ್ಲೇ ಇರುತ್ತವೆ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು. 2000ದಲ್ಲಿ ಬಂದ ನೋಪಿಕ್ಸ್ ಎಂಬ ಲೈವ್ ಲಿನಕ್ಸ್ ಸಿಡಿಯ ಕಾಲದಿಂದಲೂ ಜನ ಹೀಗೇ ಲಿನಕ್ಸ್ ರುಚಿ ನೋಡುತ್ತಿದ್ದಾರೆ.

ಆದರೆ ಬಹಳ ಜನ ಮೊದಲ ಪ್ರಯತ್ನದಲ್ಲೇ ‘ಇದು ನಮ್ಮ ಕಂಪ್ಯೂಟರ್‌ಗೆ ಆಗಲ್ಲ’ ಎಂದು ಕೈಬಿಡುತ್ತಾರೆ. ಲಿನಕ್ಸ್ ಆಗದೇ ಇರುವುದು ಅಪರೂಪ. ಸಾಮಾನ್ಯವಾಗಿ ಕೆಟ್ಟಿರುವುದು ಡೌನ್‌ಲೋಡ್ ಅಥವಾ ಪೆನ್‌ಡ್ರೈವ್. ಮೊದಲ ಹೆಜ್ಜೆಯಿಂದ ನೋಡುತ್ತಾ ಬಂದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ಸ್ಕ್ರೀನ್ ಕಪ್ಪಾಯಿತೆಂದು ನೇರ ಬಯೋಸ್‌ಗೆ (ಕಂಪ್ಯೂಟರ್ ಏಳುವಾಗಿನ ಮೂಲ ಸೆಟ್ಟಿಂಗ್‌ಗೆ) ನುಗ್ಗುವುದು ಬೇಡ.

ಯಾವುದನ್ನು ಇಳಿಸಬೇಕು?

ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ, ಆದರೂ ಜಾಸ್ತಿ ಯೋಚನೆ ಬೇಡ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಸಾಕು. ಅದರ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಯಂತ್ರ ಹಳತಾದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿಕೊಳ್ಳಿ, ಅದು ಹಗುರ. ರ‍್ಯಾಮ್ 1 ಜಿಬಿ ಆಸುಪಾಸಿನಲ್ಲಿದ್ದರೆ ಆ್ಯಂಟಿಎಕ್ಸ್ ಅಥವಾ ಪಪ್ಪಿ ಎಂಬ ಇನ್ನೂ ಹಗುರ ಲಿನಕ್ಸ್ ನೋಡಿ. ಪ್ರೊಸೆಸರ್ 32 ಬಿಟ್‌ನದ್ದಾದರೆ ಮಿಂಟ್ 22, ಈಗಿನ ಉಬುಂಟು ಎರಡೂ ಏಳುವುದಿಲ್ಲ. ‘ಈ ಕರ್ನಲ್‌ಗೆ ಎಕ್ಸ್86-64 ಬೇಕು’ ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದರೆ ಕಾರಣ ಅದೇ. ಬೇರೆ ಪ್ರಯತ್ನ ದಂಡ, 32 ಬಿಟ್ ಆವೃತ್ತಿ ಇರುವ ಲಿನಕ್ಸ್ ಹುಡುಕಿ.

ಡೌನ್‌ಲೋಡ್: ಮಲೆನಾಡಿನಲ್ಲಿ ಅರ್ಧ ಕೆಲಸ ಇದೇ

ಇಡೀ ಸಿಸ್ಟಮ್ ಒಂದೇ ಫೈಲಾಗಿ ಸಿಗುತ್ತದೆ, ಅದಕ್ಕೆ ಐಎಸ್‌ಒ ಎನ್ನುತ್ತಾರೆ. ಮಿಂಟ್‌ನ ಐಎಸ್‌ಒ ಸುಮಾರು 3 ಜಿಬಿ. ಉಬುಂಟು 24.04 ಅದರ ಎರಡರಷ್ಟು, 6 ಜಿಬಿಯ ಹತ್ತಿರ. ಶಿವಮೊಗ್ಗ ಪೇಟೆಯಲ್ಲಿ ಫೈಬರ್ ಇರುವವರಿಗೆ ಇದು ಕಾಫಿ ಕುಡಿದು ಮುಗಿಸುವಷ್ಟರ ಕೆಲಸ. ಘಟ್ಟದ ಅಂಚಿನ ಮನೆಯಲ್ಲಿ, ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವವರಿಗೆ ಹಾಗಲ್ಲ. ದಿನಕ್ಕೆ 1.5 ಅಥವಾ 2 ಜಿಬಿ ಕೊಡುವ ಮೊಬೈಲ್ ಪ್ಲಾನ್‌ನಲ್ಲಿ 3 ಜಿಬಿ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮಿತಿ ದಾಟಿದ ಮೇಲೆ ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 3 ಜಿಬಿ ಇಳಿಯಲು ನಾಲ್ಕು ದಿನಕ್ಕೂ ಜಾಸ್ತಿ ಬೇಕು. ಅಷ್ಟರೊಳಗೆ ಕರೆಂಟು ಎಷ್ಟು ಸಲ ಹೋಗುತ್ತದೋ! ಶರಾವತಿಯಿಂದ ರಾಜ್ಯಕ್ಕೆಲ್ಲ ಕರೆಂಟು ಹೋಗುತ್ತದೆ, ಮಳೆಗಾಲದಲ್ಲಿ ಶರಾವತಿ ಸೀಮೆಯ ಮನೆಗಳಲ್ಲೇ ದೀಪ ಇರುವುದಿಲ್ಲ. ಇದು ಹೊಸ ದೂರಲ್ಲ ಬಿಡಿ.

ಇಂಥ ಕಡೆ ಬ್ರೌಸರ್‌ನಲ್ಲಿ ನೇರವಾಗಿ ಇಳಿಸುವುದು ಒಳ್ಳೆಯದಲ್ಲ. ಮಧ್ಯೆ ನೆಟ್ ಹೋದರೆ ಮುಂದುವರಿಸಲು ಕೆಲವು ಸರ್ವರ್‌ಗಳು ಬಿಡುತ್ತವೆ, ಕೆಲವು ಮೊದಲಿನಿಂದ ಶುರು ಮಾಡಿಸುತ್ತವೆ. ಟೊರೆಂಟ್ ಬಳಸಿ. ಟೊರೆಂಟ್ ಎಂದ ಕೂಡಲೇ ಕದ್ದ ಸಿನಿಮಾ ನೆನಪಾಗುತ್ತದೆ ಅಲ್ವಾ? ಲಿನಕ್ಸ್‌ನವರು ತಾವೇ ಅಧಿಕೃತವಾಗಿ ಟೊರೆಂಟ್ ಕೊಡುತ್ತಾರೆ. ಮಿಂಟ್, ಉಬುಂಟು, ಡೆಬಿಯನ್ ಮೂರರ ಡೌನ್‌ಲೋಡ್ ಪುಟದಲ್ಲೂ ಅದರ ಕೊಂಡಿ ಇದೆ. ಟೊರೆಂಟ್ ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ ತರುತ್ತದೆ. ಪ್ರತಿ ತುಂಡನ್ನೂ ತಾನೇ ಪರೀಕ್ಷಿಸುತ್ತದೆ, ಕೆಟ್ಟದ್ದನ್ನು ಎಸೆದು ಮತ್ತೆ ತರುತ್ತದೆ. ಕರೆಂಟು ಹೋದರೂ, ಇವತ್ತಿನ ಡೇಟಾ ಮುಗಿದರೂ ನಾಳೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಒಂದೇ ಎಚ್ಚರ. ಟೊರೆಂಟ್ ಇಳಿಸುತ್ತಲೇ ಬೇರೆಯವರಿಗೆ ಕಳಿಸುತ್ತಲೂ ಇರುತ್ತದೆ, ಅದೂ ನಿಮ್ಮ ಡೇಟಾದಲ್ಲೇ. ಟೊರೆಂಟ್ ಇಳಿಸುವ ಕ್ಯೂಬಿಟ್‌ಟೊರೆಂಟ್ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ವೇಗವನ್ನು 10 ಕೆಬಿಗೆ ಇಳಿಸಿ. ಸೊನ್ನೆ ಹಾಕಬೇಡಿ. ಅಲ್ಲಿ ಸೊನ್ನೆ ಎಂದರೆ ಮಿತಿಯೇ ಇಲ್ಲ ಎಂದರ್ಥ.

ಈಗಾಗಲೇ ಬ್ರೌಸರ್‌ನಲ್ಲಿ ಇಳಿಸಿ, ಫೈಲ್ ಕೆಟ್ಟಿದೆ ಎಂದು ಗೊತ್ತಾಗಿದೆಯೇ? ಅಳಿಸಬೇಡಿ. ಅದೇ ಆವೃತ್ತಿಯ ಟೊರೆಂಟ್ ಸೇರಿಸಿ, ಉಳಿಸುವ ಜಾಗವಾಗಿ ಆ ಫೈಲ್ ಇರುವ ಫೋಲ್ಡರನ್ನೇ ತೋರಿಸಿ. ಫೈಲ್ ಹೆಸರು ಒಂದೇ ಇರಬೇಕು, ಕೊನೆಯಲ್ಲಿ ಬ್ರೌಸರ್ ಸೇರಿಸಿದ ಬಾಲಂಗೋಚಿ ಇದ್ದರೆ ತೆಗೆಯಿರಿ. ಆಮೇಲೆ ಬಲ ಕ್ಲಿಕ್ ಮಾಡಿ ‘ಫೋರ್ಸ್ ರೀಚೆಕ್’ ಒತ್ತಿ. ಸರಿ ಇರುವ ಭಾಗವನ್ನು ಇಟ್ಟುಕೊಂಡು ಕೆಟ್ಟ ತುಂಡುಗಳನ್ನಷ್ಟೇ ಮತ್ತೆ ತರುತ್ತದೆ. ಎರಡೂವರೆ ಜಿಬಿ ಉಳಿದರೆ ಅದೇನು ಕಡಿಮೆಯೇ?

ಇದ್ಯಾವುದೂ ಬೇಡ ಎನ್ನುವವರಿಗೆ ಹಳೆಯ ದಾರಿ ಇದ್ದೇ ಇದೆ. ಶಿವಮೊಗ್ಗದಲ್ಲಿರುವ ಭಾವನಿಗೋ ಕಾಲೇಜಿಗೆ ಹೋಗುವ ತಂಗಿಗೋ ಹೇಳಿ, ಇಳಿಸಿಟ್ಟು ಊರಿಗೆ ಬರುವಾಗ ತರಲಿ. ಆಗಲೂ ಒಂದು ತೊಡಕು ಎದುರಾಗಬಹುದು. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. 16 ಜಿಬಿ ಖಾಲಿ ಇದ್ದರೂ ‘ಫೈಲ್ ತುಂಬಾ ದೊಡ್ಡದು’ ಎನ್ನುತ್ತದೆ. ಉಬುಂಟು ತರುವವರು ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಲಿ. ಮಿಂಟ್‌ಗೆ ಈ ತಾಪತ್ರಯವಿಲ್ಲ.

ಫೈಲ್ ಅಸಲಿಯೇ?

ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಮುಂದಿನ ಅರ್ಧ ತಲೆನೋವು ಇಲ್ಲೇ ಹುಟ್ಟುವುದು.

ಡೌನ್‌ಲೋಡ್ ಪುಟದಲ್ಲಿ ಐಎಸ್‌ಒ ಜೊತೆಗೆ ಶಾ-256 ಎಂಬ ಮೊತ್ತ ಕೊಟ್ಟಿರುತ್ತಾರೆ. ಅಂಕಿ ಮತ್ತು ಎ ಇಂದ ಎಫ್‌ವರೆಗಿನ ಅಕ್ಷರ ಸೇರಿದ 64 ಚಿಹ್ನೆಗಳ ಸಾಲು ಅದು. ಫೈಲ್‌ನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬದಲಾಗುತ್ತದೆ. ನಿಮ್ಮ ಫೈಲ್‌ನ ಮೊತ್ತ ತೆಗೆಯಲು ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಇದ್ದರೆ ಸಾಕು. ಐಎಸ್‌ಒ ಮೇಲೆ ಬಲ ಕ್ಲಿಕ್, ‘ಸಿಆರ್‌ಸಿ ಶಾ’ ಮೆನು, ಅದರಲ್ಲಿ ಶಾ-256. ಬಂದ ಸಾಲನ್ನು ಪುಟದಲ್ಲಿರುವ ಸಾಲಿನ ಜೊತೆ ಹೋಲಿಸಿ. ಪೂರ್ತಿ ಹೊಂದಬೇಕು.

ಸುಮ್ನೆ ಯಾಕೆ ಇಷ್ಟೆಲ್ಲ ಎನ್ನಬೇಡಿ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ಕನ್ನ ಬಿದ್ದಿತ್ತು. ಮಿಂಟ್ 17.3 ಸಿನಮನ್‌ನ ಕೊಂಡಿಯನ್ನು ಕಳ್ಳಬಾಗಿಲಿಟ್ಟ ನಕಲಿ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಅಂಥ ಸಂದರ್ಭದಲ್ಲಿ ಪುಟದ ಮೇಲಿರುವ ಮೊತ್ತವನ್ನೂ ಬದಲಿಸಬಹುದು. ಹಾಗಾಗಿ ಮೊತ್ತದ ಫೈಲ್‌ಗೆ ಡಿಜಿಟಲ್ ಸಹಿಯನ್ನೂ ಹಾಕಿರುತ್ತಾರೆ. ಮನೆಯ ಹಳೆಯ ಲ್ಯಾಪ್‌ಟಾಪ್‌ಗೆ ಮೊತ್ತ ನೋಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಸೊಸೈಟಿ ಅಥವಾ ಕಚೇರಿಯ ಲೆಕ್ಕಪತ್ರದ ಯಂತ್ರವಾದರೆ ಸಹಿಯನ್ನೂ ನೋಡಿ.

ಪೆನ್‌ಡ್ರೈವ್‌ಗೆ ಬರೆಯುವುದು

ಐಎಸ್‌ಒ ಫೈಲನ್ನು ಹಾಗೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ‘ಬೂಟ್ ಆಗ್ತಿಲ್ಲ’ ಎನ್ನುವವರು ಬಹಳ. ಅದು ಸಿಪ್ಪೆ ಸುಲಿಯದೆ ಅಡಿಕೆ ಬಾಯಿಗೆ ಹಾಕಿದ ಹಾಗೆ. ಫೈಲನ್ನು ಬಿಡಿಸಿ, ಕಂಪ್ಯೂಟರ್ ಏಳಲು ಬೇಕಾದ ಭಾಗವನ್ನು ಸರಿಯಾದ ಜಾಗದಲ್ಲಿ ಇಡುವ ಸಾಧನ ಬೇಕು. ವಿಂಡೋಸ್‌ನಲ್ಲಿ ರೂಫಸ್ ಒಳ್ಳೆಯದು. ಮ್ಯಾಕ್‌ನಲ್ಲೂ ಓಡಬೇಕೆಂದರೆ ಬಲೀನಾ ಎಚರ್. 8 ಜಿಬಿಯ ಪೆನ್‌ಡ್ರೈವ್ ಮಿಂಟ್‌ಗೆ ಸಾಕು. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ತೆಗೆದಿಡಿ.

ರೂಫಸ್‌ನಲ್ಲಿ ಪಾರ್ಟಿಷನ್ ಮಾದರಿ ಎಂಬಿಆರ್ ಆರಿಸಿದರೆ ಹಳೆಯ ಬಯೋಸ್ ಯಂತ್ರಕ್ಕೂ ಹೊಸ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಯಂತ್ರಕ್ಕೂ ನಡೆಯುತ್ತದೆ. ಸ್ಟಾರ್ಟ್ ಒತ್ತಿದಾಗ ಐಎಸ್‌ಒ ಮೋಡ್ ಬೇಕೋ ಡಿಡಿ ಮೋಡ್ ಬೇಕೋ ಎಂದು ಕೇಳಬಹುದು. ಮೊದಲಿನದು ಇರಲಿ. ಅದರಲ್ಲಿ ಏಳದಿದ್ದರೆ ಎರಡನೆಯ ಸಲ ಡಿಡಿ. ಡಿಡಿ ಅಥವಾ ಎಚರ್‌ನಲ್ಲಿ ಬರೆದ ಮೇಲೆ ವಿಂಡೋಸ್ ‘ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಗಾಬರಿ ಬೇಡ. ಅದಕ್ಕೆ ಲಿನಕ್ಸ್ ಪಾರ್ಟಿಷನ್ ಅರ್ಥವಾಗಿಲ್ಲ ಅಷ್ಟೆ. ಕ್ಯಾನ್ಸಲ್ ಒತ್ತಿ.

ಬರೆಯುವಾಗ ಮತ್ತೆ ಮತ್ತೆ ಎರರ್ ಬಂದರೆ ಪೆನ್‌ಡ್ರೈವ್ ಮೇಲೆಯೇ ಅನುಮಾನ ಪಡಿ. ಅಗ್ಗಕ್ಕೆ ಸಿಕ್ಕ 64 ಜಿಬಿಯ ಡ್ರೈವ್ ಒಳಗೆ 8 ಜಿಬಿಯೂ ಇಲ್ಲದಿರುವುದುಂಟು. ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಟ್ಟ ಸಾಧನ ಇದನ್ನು ಬಯಲು ಮಾಡುತ್ತದೆ. ಮಲೆನಾಡಿನ ತೇವಕ್ಕೆ ಯುಎಸ್‌ಬಿ ಕಿಂಡಿಯ ಲೋಹವೂ ಮಂಕಾಗಿರುತ್ತದೆ. ಬೇರೆ ಕಿಂಡಿಯಲ್ಲಿ ಹಾಕಿ ನೋಡಿ.

ಏಳಿಸುವುದು

ವಿಂಡೋಸ್‌ನ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಅದನ್ನು ಅರೆನಿದ್ದೆಯಲ್ಲಿ ಇಡುತ್ತದೆ. ಶಿಫ್ಟ್ ಕೀ ಒತ್ತಿಕೊಂಡೇ ಶಟ್‌ಡೌನ್ ಮಾಡಿದರೆ ಪೂರ್ತಿ ಆಫ್ ಆಗುತ್ತದೆ. ಹಾಗೆ ಮಾಡದಿದ್ದರೆ ಲೈವ್ ಲಿನಕ್ಸ್‌ನಲ್ಲಿ ಸಿ ಡ್ರೈವ್ ತೆರೆಯದೇ ಇರಬಹುದು, ಇಲ್ಲವೇ ಓದಲು ಮಾತ್ರ ಸಿಗಬಹುದು.

ಇನ್ನು ಯಾವುದರಿಂದ ಏಳಬೇಕೆಂದು ಆರಿಸುವ ಬೂಟ್ ಮೆನು. ಆನ್ ಮಾಡಿದ ಕೂಡಲೇ ಕೀಯನ್ನು ಟಪಟಪ ಒತ್ತುತ್ತಿರಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾಡೆಲ್‌ಗಳಲ್ಲಿ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕು.

ಪೆನ್‌ಡ್ರೈವ್ ಆರಿಸಿದ ಮೇಲೆ ‘ಎಸ್‌ಬಿಎಟಿ’, ‘ಸೆಕ್ಯುರಿಟಿ ಪಾಲಿಸಿ ವಯಲೇಷನ್’ ಎಂಬ ಪದಗಳಿರುವ ಸಾಲು ಬಂದು ಯಂತ್ರ ಆಫ್ ಆಯಿತೇ? 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಒಂದು ಹಳೆಯ ಲಿನಕ್ಸ್ ಬೂಟ್‌ಲೋಡರ್‌ಗಳನ್ನು (ಸಿಸ್ಟಮ್ ಏಳಿಸುವ ಪುಟ್ಟ ಪ್ರೋಗ್ರಾಂಗಳನ್ನು) ತಡೆಹಿಡಿಯಿತು. ನಿಮ್ಮ ಐಎಸ್‌ಒ ಹಳೆಯದು. ಹೊಸದನ್ನು ಇಳಿಸಿದರೆ ಸರಿಹೋಗುತ್ತದೆ. ಇಂಥ ಬೂಟ್‌ಲೋಡರ್‌ಗಳನ್ನು ತಡೆಯುವ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಬಯೋಸ್‌ನಲ್ಲಿ ಆಫ್ ಮಾಡುವುದು ಇನ್ನೊಂದು ದಾರಿ. ಆದರೆ ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಸೆಕ್ಯೂರ್ ಬೂಟ್ ಮುಟ್ಟುವ ಮೊದಲು 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಮುಂದಿನ ಸಲ ವಿಂಡೋಸ್ ಏಳುವಾಗ ಅದನ್ನು ಕೇಳಬಹುದು. ಕೀ ಇಲ್ಲದಿದ್ದರೆ ನಿಮ್ಮ ಫೈಲ್‌ಗಳು ನಿಮಗೇ ಸಿಗುವುದಿಲ್ಲ. ಈ ಇಡೀ ಕೆಲಸದಲ್ಲಿ ನಿಜವಾಗಿ ಹೆದರಬೇಕಾದ ಜಾಗಗಳಲ್ಲಿ ಇದೊಂದು.

ಮೆನು ಬಂದು, ಆಮೇಲೆ ಕಪ್ಪು ಪರದೆಯಾದರೆ ಅದು ಗ್ರಾಫಿಕ್ಸ್ ಕಾರ್ಡ್‌ನ ಕಿತಾಪತಿ. ಮಿಂಟ್‌ನ ಮೆನುವಿನಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’, ಉಬುಂಟುವಿನಲ್ಲಿ ‘ಸೇಫ್ ಗ್ರಾಫಿಕ್ಸ್’ ಆರಿಸಿ. ‘ಇನಿಟ್‌ರಾಮ್‌ಎಫ್‌ಎಸ್’ ಎಂದು ತೋರಿಸಿ ನಿಂತರೆ, ಅಥವಾ ‘ಸ್ಕ್ವಾಷ್‌ಎಫ್‌ಎಸ್ ಎರರ್’ ಎಂದು ಸಾಲು ಸಾಲು ಬಂದರೆ ಪೆನ್‌ಡ್ರೈವ್‌ನಲ್ಲಿರುವುದನ್ನು ಓದಲು ಆಗುತ್ತಿಲ್ಲ ಎಂದು ತಿಳಿಯಿರಿ. ಶಾ-256 ನೋಡಿದ್ದಿರಾ? ನೋಡಿದ್ದರೆ ಐಎಸ್‌ಒ ಸರಿಯಿದೆ, ಮತ್ತೆ 3 ಜಿಬಿ ಇಳಿಸಬೇಕಿಲ್ಲ. ಬೇರೆ ಕಿಂಡಿ, ಬೇರೆ ಪೆನ್‌ಡ್ರೈವ್ ಪ್ರಯತ್ನಿಸಿ. ನೋಡಿರದಿದ್ದರೆ ಹಿಂದಕ್ಕೆ ಹೋಗಿ ಅಲ್ಲಿಂದ ಶುರು ಮಾಡಿ.

ಎದ್ದ ಮೇಲೆ

ವೈಫೈ ಪಟ್ಟಿಯೇ ಕಾಣಿಸುತ್ತಿಲ್ಲ ಎಂದರೆ, ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪಕ್ಕದಲ್ಲೊಂದು ವೈಫೈ ಸ್ವಿಚ್ ಇರುತ್ತದೆ, ಮೊದಲು ಅದನ್ನು ನೋಡಿ. ಬ್ರಾಡ್‌ಕಾಮ್ ಚಿಪ್ ಇರುವ ಕೆಲವು ಯಂತ್ರಗಳಿಗೆ ಬೇರೆ ಡ್ರೈವರ್ ಬೇಕು. ತಕ್ಷಣದ ದಾರಿ ಫೋನ್. ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಫೋನ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಆದರೆ ಬಹುಪಾಲು ಯಾವ ಡ್ರೈವರೂ ಕೇಳದೆ ನೆಟ್ ಬರುತ್ತದೆ.

ನೆಟ್ ಇದೆ, ಆದರೆ ಯಾವ ತಾಣ ತೆರೆದರೂ ‘ಸುರಕ್ಷಿತವಲ್ಲ’ ಎನ್ನುತ್ತದೆಯೇ? ಮೂಲೆಯಲ್ಲಿರುವ ತಾರೀಕು ನೋಡಿ. ವರ್ಷಗಟ್ಟಲೆ ಬೀರುವಿನಲ್ಲಿದ್ದ ಲ್ಯಾಪ್‌ಟಾಪ್‌ನ ಒಳಗಿನ ಪುಟ್ಟ ಬ್ಯಾಟರಿ ಸತ್ತು, ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತದೆ. ತಾರೀಕು ಸರಿ ಮಾಡಿದರೆ ತಾಣಗಳೂ ತೆರೆದುಕೊಳ್ಳುತ್ತವೆ. ಮರಳಿ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಅದು ಕೆಟ್ಟಿಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಗ್ರೀನಿಚ್ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯದಲ್ಲಿ.

ಪರದೆ ಲಾಕ್ ಆಗಿ ಪಾಸ್‌ವರ್ಡ್ ಕೇಳಿದರೆ ಮಿಂಟ್‌ನಲ್ಲಿ ಬಳಕೆದಾರನ ಹೆಸರು ಮಿಂಟ್, ಪಾಸ್‌ವರ್ಡ್ ಖಾಲಿ. ಸುಮ್ನೆ ಎಂಟರ್ ಒತ್ತಿ. ಕನ್ನಡ ಟೈಪ್ ಮಾಡಲು ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ‘ಕನ್ನಡ ಕಗಪ’ ವಿನ್ಯಾಸ ಸೇರಿಸಿಕೊಳ್ಳಬಹುದು. ನುಡಿ ತಂತ್ರಾಂಶಕ್ಕೆ ಒಗ್ಗಿದ ಬೆರಳಿಗೆ ಕೆಲವು ಕೀ ಬೇರೆ ಅನಿಸಬಹುದು.

ಮಾಡಿದ ಕೆಲಸ ಉಳಿಯುವುದಿಲ್ಲ ಎಂಬುದು ನೆನಪಿರಲಿ. ಎಲ್ಲ ರ‍್ಯಾಮ್‌ನಲ್ಲಿ ಇರುವುದರಿಂದ ಆಫ್ ಮಾಡಿದರೆ ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಕರೆಂಟು ಹೋದರೂ ಅಷ್ಟೆ. ಉಳಿಯಬೇಕೆಂದರೆ ರೂಫಸ್‌ನಲ್ಲಿ ಬರೆಯುವಾಗಲೇ ‘ಪರ್ಸಿಸ್ಟೆಂಟ್ ಪಾರ್ಟಿಷನ್’ ಪಟ್ಟಿಯನ್ನು ಬಲಕ್ಕೆ ಎಳೆದು 4 ಜಿಬಿಯಷ್ಟು ಜಾಗ ಕೊಡಿ. ಇದಕ್ಕೆ 16 ಜಿಬಿಯ ಡ್ರೈವ್ ಒಳ್ಳೆಯದು.

ಡೆಸ್ಕ್‌ಟಾಪ್ ಮೇಲೆ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಎಂಬ ಚಿಹ್ನೆ ಕಾಣುತ್ತದೆ. ನೋಡಲು ಕೂತಿರುವವರು ಅದನ್ನು ಮುಟ್ಟಬೇಡಿ, ಮಕ್ಕಳ ಕೈಗೂ ಮೌಸ್ ಕೊಡಬೇಡಿ. ಅದರೊಳಗಿನ ‘ಎರೇಸ್ ಡಿಸ್ಕ್’ ಆಯ್ಕೆ ಒತ್ತಿದರೆ ವಿಂಡೋಸ್ ಮತ್ತು ಫೈಲ್ ಎರಡೂ ಹೋಗುತ್ತವೆ.

ನೋಡಿ ಮುಗಿದ ಮೇಲೆ ಪೆನ್‌ಡ್ರೈವನ್ನು ಮೊದಲಿನಂತೆ ಮಾಡಿಕೊಳ್ಳಲು ಮತ್ತೆ ರೂಫಸ್ ತೆರೆಯಿರಿ. ಬೂಟ್ ಆಯ್ಕೆಯಲ್ಲಿ ‘ನಾನ್ ಬೂಟಬಲ್’ ಎಂದಿಟ್ಟು ಸ್ಟಾರ್ಟ್ ಒತ್ತಿದರೆ ಪೂರ್ತಿ ಜಾಗ ವಾಪಸ್ ಸಿಗುತ್ತದೆ. ಐಎಸ್‌ಒ ಫೈಲನ್ನು ಮಾತ್ರ ಅಳಿಸಬೇಡಿ, ಪಕ್ಕದ ಮನೆಯವರು ಕೇಳಿಕೊಂಡು ಬರುತ್ತಾರೆ.