ಜಪಾನಿನ ಸೆಂಟೊದಲ್ಲಿ ಸ್ನಾನ: ತೊಟ್ಟಿಗೆ ಇಳಿಯೋ ಮುಂಚೆ ಇದನ್ನು ಓದಿ

ಟೋಕಿಯೊಗೆ ಹೋದವರು ದಿನವಿಡೀ ನಡೆದು, ಕಾಲು ಸೋತು ಹೋಟೆಲಿಗೆ ಬರುತ್ತಾರೆ. ಅಲ್ಲಿನ ಪುಟ್ಟ ಬಾತ್‌ರೂಮಿನಲ್ಲಿ ಎರಡು ನಿಮಿಷ ಶವರ್ ತಗೊಂಡು ಮಲಗಿಬಿಡುತ್ತಾರೆ. ಹತ್ತಿರದಲ್ಲೇ ಎಲ್ಲೋ ಒಂದು ಸೆಂಟೊ ಇರುತ್ತದೆ, ಅಂದರೆ ಆ ಬಡಾವಣೆಯವರೆಲ್ಲ ಹೋಗುವ ಬಿಸಿನೀರಿನ ಸ್ನಾನದ ಮನೆ. ಸಂಕೋಚಪಟ್ಟು ಅದನ್ನು ಬಿಡಬೇಡಿ. ಧೈರ್ಯ ಮಾಡಿ ಹೋದ ನಮ್ಮವರೂ ಒಂದು ಕಡೆ ಎಡವುವುದನ್ನು ನೋಡಿದ್ದೇನೆ. ಬಟ್ಟೆ ಬಿಚ್ಚಿದ್ದೇ, ಮೈ ತೊಳೆಯದೆ ಸೀದಾ ತೊಟ್ಟಿಗೆ ಇಳಿದುಬಿಡುತ್ತಾರೆ. ಅಲ್ಲಿ ಕೂತಿದ್ದ ಅಜ್ಜಂದಿರು ಮಾತಾಡದೆ ಎದ್ದು ಹೋಗುತ್ತಾರೆ.

ದುಡ್ಡಿನ ವಿಷಯ ಮೊದಲು ಮುಗಿಸೋಣ. ಟೋಕಿಯೊದಲ್ಲಿ ಸೆಂಟೊ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2024ರ ಆಗಸ್ಟ್‌ನಲ್ಲಿ ದೊಡ್ಡವರಿಗೆ 550 ಯೆನ್ ಆಯಿತು. ಸೌನಾಗೆ, ಅಂದರೆ ಬಿಸಿಯಲ್ಲಿ ಕೂತು ಬೆವರುವ ಕೋಣೆಗೆ, ಸಾಮಾನ್ಯವಾಗಿ ಬೇರೆ ದುಡ್ಡು. ಹೆಚ್ಚಿನವು ಮಧ್ಯಾಹ್ನ ಮೂರು-ನಾಲ್ಕಕ್ಕೆ ತೆರೆದು ರಾತ್ರಿ ತಡವಾಗಿ ಮುಚ್ಚುತ್ತವೆ. ಚಿಲ್ಲರೆ ಇಟ್ಟುಕೊಂಡು ಹೋಗಿ.

ಟವೆಲ್ ತೆಳ್ಳಗಿನ ಹತ್ತಿಯದೇ ಇರಲಿ. ಪ್ರವಾಸಿಗರಿಗೆ ಅಂತ ಮಾರುವ ಬೇಗ ಒಣಗೋ ಮೈಕ್ರೋಫೈಬರ್ ಟವೆಲ್ ಮೈಗೆ ಅಂಟುತ್ತದೆ, ಸೋಪಿನ ನೊರೆ ಹಿಡಿಯುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ನಮ್ಮ ಊರಿನ ತೆಳು ಟವೆಲ್ ಸಾಕು. ಎಷ್ಟೋ ಸೆಂಟೊಗಳಲ್ಲಿ ಸೋಪು, ಶಾಂಪೂ ಇಟ್ಟಿರುವುದಿಲ್ಲ. ಕೌಂಟರಿನಲ್ಲಿ ಸಣ್ಣ ಪ್ಯಾಕೆಟ್ ಸಿಗುತ್ತದೆ.

ಬಾಗಿಲಲ್ಲಿ ಚಪ್ಪಲಿ ಬಿಚ್ಚಿ ಲಾಕರಿಗೆ ಹಾಕಿ, ದುಡ್ಡು ಕೊಟ್ಟು, ಪರದೆ ದಾಟಿ ಒಳಗೆ ಹೋಗಿ. ಗಂಡಸರ ಪರದೆ ಸಾಮಾನ್ಯವಾಗಿ ನೀಲಿ, ಹೆಂಗಸರದು ಕೆಂಪು. ಆದರೂ ಬಣ್ಣ ನಂಬಬೇಡಿ. ಗಂಡು, ಹೆಣ್ಣು ಅನ್ನೋ ಎರಡು ಅಕ್ಷರಗಳನ್ನು ಮೊದಲೇ ಫೋನಿನಲ್ಲಿ ನೋಡಿ ಗುರುತಿಟ್ಟುಕೊಳ್ಳಿ. ಬಿಸಿನೀರಿನ ಬುಗ್ಗೆ ಇರುವ ಕೆಲವು ವಸತಿಗೃಹಗಳಲ್ಲಿ ಗಂಡಸರ ಕಡೆ, ಹೆಂಗಸರ ಕಡೆ ಬೆಳಿಗ್ಗೆ-ಸಂಜೆಗೆ ಅದಲುಬದಲಾಗುತ್ತದೆ. ಅಲ್ಲಿ ಪ್ರತಿ ಸಲವೂ ಅಕ್ಷರ ನೋಡಲೇಬೇಕು. ಬಟ್ಟೆಯೆಲ್ಲ ಲಾಕರಿನಲ್ಲಿ. ಚಡ್ಡಿಯೂ ಲಾಕರಿನಲ್ಲೇ, ಈಜುಡುಗೆ ನಡೆಯೋದಿಲ್ಲ. ಫೋನನ್ನು ಒಳಗೆ ಒಯ್ಯಲೇಬೇಡಿ.

ಈಗ ಮುಖ್ಯವಾದ ಕೆಲಸ. ಬಾಗಿಲ ಪಕ್ಕ ಗಿಡ್ಡ ಸ್ಟೂಲು, ಬೋಗುಣಿ ಜೋಡಿಸಿಟ್ಟಿರುತ್ತಾರೆ. ಒಂದೊಂದು ತಗೊಂಡು ಖಾಲಿ ನಲ್ಲಿಯ ಮುಂದೆ ಹೋಗಿ. ಅಲ್ಲಿ ಯಾರದ್ದಾದರೂ ಸೋಪು, ಬೋಗುಣಿ ಇದ್ದರೆ ಅದು ಅವರ ಜಾಗ, ಮುಂದಕ್ಕೆ ಹೋಗಿ. ಸ್ಟೂಲಿಗೆ ಬಿಸಿನೀರು ಹುಯ್ದು ತೊಳೆದು ಕೂತುಕೊಳ್ಳಿ. ಕೂತೇ ಸ್ನಾನ ಮಾಡಬೇಕು. ನಿಂತು ಶವರ್ ಹಿಡಿದರೆ ನಿಮ್ಮ ನೊರೆಯೆಲ್ಲ ಹಿಂದಿನ ಸಾಲಿನವರ ಬೆನ್ನಿಗೆ ಸಿಡಿಯುತ್ತದೆ, ಇದು ಅಲ್ಲಿ ಜನ ತುಂಬ ಬೇಜಾರು ಮಾಡಿಕೊಳ್ಳೋ ವಿಷಯ. ಮಲೆನಾಡಿನ ಬಚ್ಚಲುಮನೆಯಲ್ಲಿ ಮಣೆ ಮೇಲೆ ಕೂತು ಹಂಡೆಯಿಂದ ನೀರು ಮೊಗೆದುಕೊಂಡವರಿಗೆ ಇದು ಹೊಸದೇನಲ್ಲ. ಹಳೇ ಸೆಂಟೊಗಳಲ್ಲಿ ಒತ್ತುವ ನಲ್ಲಿಗಳಿರುತ್ತವೆ, ಒಂದು ಬಿಸಿ, ಒಂದು ತಣ್ಣೀರು. ಬಿಸಿನೀರು ಜಾಸ್ತಿ ಸುಡುತ್ತದೆ. ಬೋಗುಣಿಯಲ್ಲಿ ಬೆರೆಸಿ, ಕೈ ಇಟ್ಟು ನೋಡಿ, ಆಮೇಲೆ ಹುಯ್ದುಕೊಳ್ಳಿ.

ತಲೆಯಿಂದ ಶುರು ಮಾಡಿ. ತಲೆಗೆ ಕೊಬ್ಬರಿ ಎಣ್ಣೆ ಹಾಕಿದ್ದರೆ ಎರಡು ಸಲ ಶಾಂಪೂ ಹಾಕಿ, ಒಂದೇ ಸಲಕ್ಕೆ ಹೋಗೋದಿಲ್ಲ. ಉಳಿದ ಎಣ್ಣೆ ತೊಟ್ಟಿಯ ನೀರಿನ ಮೇಲೆ ತೇಲುತ್ತದೆ. ಆಮೇಲೆ ಟವೆಲಿಗೆ ಸೋಪು ಹಚ್ಚಿ ಬೆನ್ನು, ಕಂಕುಳು, ಕಿವಿಯ ಹಿಂದೆ, ಕಾಲ್ಬೆರಳ ಸಂದು, ಅಂಗಾಲು ಉಜ್ಜಿ. ಆತುರ ಬೇಡ, ಹತ್ತು ನಿಮಿಷ ಆಗಲಿ. ಕೆಲವರು ಎರಡು ಬೋಗುಣಿ ನೀರು ಸುರಿದುಕೊಂಡು ಇಳಿದುಬಿಡುತ್ತಾರೆ, ಆ ಅಡ್ಡದಾರಿ ಬೇಡ. ತೊಟ್ಟಿಯ ನೀರು ಆ ಸಂಜೆ ಬರುವ ಎಲ್ಲರದ್ದೂ ಅಲ್ವಾ? ಮೈ ಜಾರುವುದು ನಿಲ್ಲೋವರೆಗೆ ನೀರು ಹುಯ್ದುಕೊಳ್ಳಿ. ಕೂದಲಲ್ಲಿ, ಮಂಡಿಯ ಹಿಂದೆ ನೊರೆ ಉಳಿದುಕೊಂಡುಬಿಡುತ್ತದೆ. ಟವೆಲ್ ಜಾಲಿಸಿ ಹಿಂಡಿ. ಉದ್ದ ಕೂದಲಿದ್ದರೆ ಮೇಲೆತ್ತಿ ಕಟ್ಟಿ. ಸ್ಟೂಲು, ಸುತ್ತಲಿನ ನೆಲ ತೊಳೆದು ಏಳಿ.

ಇನ್ನು ತೊಟ್ಟಿ. ಟೋಕಿಯೊದಲ್ಲಿ ನೀರು 42 ಡಿಗ್ರಿಗಿಂತ ಮೇಲೂ ಇರುತ್ತದೆ, ಧುಮುಕಬೇಡಿ. ಕಾಲು, ಸೊಂಟ, ಭುಜ ಹೀಗೆ ನಿಧಾನ. ಟವೆಲ್ ನೀರಿಗೆ ತಾಗಬಾರದು, ಮಡಚಿ ತಲೆ ಮೇಲೆ ಇಟ್ಟುಕೊಳ್ಳಿ. ಮೂರು-ನಾಲ್ಕು ನಿಮಿಷ ಕೂತು, ಹೊರಗೆ ಬಂದು, ಮತ್ತೆ ಇಳಿಯಿರಿ. ಕೆಲವು ಕಡೆ ಒಂದು ಮೂಲೆಯಲ್ಲಿ ಸಣ್ಣಗೆ ಕರೆಂಟ್ ಹರಿಸುವ ತೊಟ್ಟಿ ಇರುತ್ತದೆ, ಪೇಸ್‌ಮೇಕರ್ ಇರುವವರು ಅದರ ಹತ್ತಿರವೂ ಹೋಗಬಾರದು. ಎದುರು ಗೋಡೆಯಲ್ಲಿ ಫ್ಯೂಜಿ ಪರ್ವತದ ದೊಡ್ಡ ಚಿತ್ರ ಇದ್ದರೆ ಕಣ್ತುಂಬ ನೋಡಿ. 1912ರಲ್ಲಿ ಟೋಕಿಯೊದ ಕಾಂಡಾ ಪ್ರದೇಶದ ಒಂದು ಸೆಂಟೊದಲ್ಲಿ ಶುರುವಾದ ಪದ್ಧತಿ ಅದು. ಆ ಬಿಸಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಸುಮ್ನೆ ಕೂತಾಗ ಕಾಲಿನ ನೋವು ಎಲ್ಲಿ ಹೋಯಿತು ಅಂತ ಗೊತ್ತಾಗೋದಿಲ್ಲ.

ಬಟ್ಟೆ ಬದಲಿಸುವ ಕೋಣೆಗೆ ಬರುವ ಮುಂಚೆಯೇ ಮೈ ಒರೆಸಿಕೊಳ್ಳಿ, ಅಲ್ಲಿನ ನೆಲ ಒದ್ದೆಯಾಗಬಾರದು. ಆಮೇಲೆ ಫ್ರಿಜ್ಜಿನಲ್ಲಿರುವ ಗಾಜಿನ ಬಾಟಲಿಯ ಕಾಫಿ ಹಾಲು ಕುಡಿಯಲೇಬೇಕು. ಕೋಲಾ ಬೇಡ.

ಗಂಧಕದ ಬಿಸಿನೀರ ಬುಗ್ಗೆಗಳಿಗೆ, ಕುಸಾತ್ಸು ಥರದ ಊರಿಗೆ ಹೋಗುವುದಾದರೆ ಕಾಲುಂಗುರ, ಗೆಜ್ಜೆ, ಬೆಳ್ಳಿ ಉಡಿದಾರ ಬಿಚ್ಚಿಡಿ, ಕಪ್ಪಾಗಿಬಿಡುತ್ತವೆ. ಹಚ್ಚೆ ಇದ್ದವರನ್ನು ಬುಗ್ಗೆಯ ಸ್ನಾನದ ಮನೆಗಳು ಎಷ್ಟೋ ಸಲ ಒಳಗೆ ಬಿಡೋದಿಲ್ಲ, ಸೆಂಟೊಗಳಲ್ಲಿ ಅಷ್ಟು ಬಿಗಿ ಇಲ್ಲ. ಯಾರ ಮುಂದೆಯೂ ಬಟ್ಟೆ ಬಿಚ್ಚಲಾರೆ ಅನ್ನುವವರು ವಸತಿಗೃಹದಲ್ಲಿ 'ಕಾಶಿಕಿರಿ' ಅಂತ ಕೇಳಿ. ಮನೆಯವರಿಗಷ್ಟೇ ಗಂಟೆ ಲೆಕ್ಕದಲ್ಲಿ ಕೊಡುವ ತೊಟ್ಟಿ ಅದು. ಅಲ್ಲೂ ಮೈ ತೊಳೆದೇ ಇಳಿಯಬೇಕು.