ಹೊಸಬರ ಪಕ್ಕದಲ್ಲಿ ಕೂತು: ಮೂಳೆ ಸಂಶೋಧನೆಯ ಗುರುವಾರಗಳು

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗಕ್ಕೆ ಆಗಷ್ಟೇ ಸೇರಿದ್ದ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಮುಖದಲ್ಲಿ ಖುಷಿ ಇತ್ತು. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರದ ನಿಖರತೆಯನ್ನು ಅವನು ಪರೀಕ್ಷೆ ಮಾಡಿ ಮುಗಿಸಿದ್ದ. "ಮೇಡಂ, ಬೆನ್ನುಮೂಳೆಯಲ್ಲಿ ತಪ್ಪು ಅರ್ಧ ಪರ್ಸೆಂಟೂ ಇಲ್ಲ" ಎಂದ.

ನನಗೆ ಗಾಬರಿಯಾಯಿತು. ಅಷ್ಟು ಒಳ್ಳೆಯ ಅಂಕಿ ಬರಬಾರದು.

ಈ ಪರೀಕ್ಷೆ ಏನು ಅಂತ ಹೇಳಿಬಿಡುತ್ತೇನೆ. ಒಬ್ಬರನ್ನೇ ಎರಡು ಸಲ ಅಳೆದರೆ ಯಂತ್ರ ಎರಡು ಸಲವೂ ಅದೇ ಸಂಖ್ಯೆ ಕೊಡುತ್ತದಾ ಎಂದು ನೋಡುವುದು, ಅಷ್ಟೇ. 30 ಜನರನ್ನು ಎರಡೆರಡು ಸಲ ಅಳೆಯಬೇಕು, ಇಲ್ಲವೇ 15 ಜನರನ್ನು ಮೂರು ಮೂರು ಸಲ. ಬೆನ್ನುಮೂಳೆಯಲ್ಲಿ 1.9 ಪರ್ಸೆಂಟ್ ತನಕ ತಪ್ಪು ಬಂದರೆ ಒಪ್ಪಬಹುದು. ಆದರೆ ಒಂದು ಷರತ್ತಿದೆ. ಪ್ರತಿ ಅಳತೆಯ ನಡುವೆ ಆ ವ್ಯಕ್ತಿ ಮೇಜಿನಿಂದ ಕೆಳಗಿಳಿದು ಮತ್ತೆ ಹತ್ತಿ ಮಲಗಬೇಕು, ಯಾಕೆಂದರೆ ನಿಜವಾದ ತಪ್ಪು ಬಹುಪಾಲು ಯಂತ್ರದ್ದಲ್ಲ, ನಾವು ಅವರನ್ನು ಮಲಗಿಸುವ ರೀತಿಯದ್ದು.

"ಮಧ್ಯೆ ಅವರನ್ನು ಕೆಳಗಿಳಿಸಿದೆಯಾ?" ಎಂದು ಕೇಳಿದೆ. ಅವನು ಸುಮ್ಮನಾದ. ಬಂದವರೆಲ್ಲ ಮಂಡಿನೋವಿನ ಅಜ್ಜಿಯರು. ಮತ್ತೆ ಮತ್ತೆ ಹತ್ತಿಸಿ ಇಳಿಸುವುದು ಪಾಪ ಅನ್ನಿಸಿ, ಮಲಗಿದವರನ್ನು ಹಾಗೇ ಬಿಟ್ಟು ಬಟನ್ ಒತ್ತಿದ್ದ.

ಒಳ್ಳೆಯ ಮನಸ್ಸಿನ ಹುಡುಗ. ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ, ನಾನೂ ಹೇಳಿರಲಿಲ್ಲ. ಓದಲು ಒಂದು ಪಿಡಿಎಫ್ ಕಳಿಸಿ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಮತ್ತೆ ಮೊದಲಿಂದ ಶುರು ಮಾಡಿದೆವು. ಈ ಸಲ ಮಂಡಿ ಚೆನ್ನಾಗಿರುವವರನ್ನೂ ಕೇಳಿಕೊಂಡೆವು, ಒಪ್ಪಿಗೆ ಪತ್ರಕ್ಕೆ ಸಹಿ ಪಡೆದೆವು, ಮೇಜಿನ ಪಕ್ಕ ಒಂದು ಮೆಟ್ಟಿಲು ಇಟ್ಟೆವು. ಮೊದಲ ಎರಡು ದಿನ ನಾನೂ ಆ ಕೋಣೆಯಲ್ಲೇ ಇದ್ದೆ. ಒಬ್ಬ ಅಮ್ಮನ ಮೊಣಕೈ ಹಿಡಿದು ಹತ್ತಿಸುವುದು, ಕಾಲಿನ ಕೆಳಗೆ ಆ ಚೌಕದ ದಿಂಬು ಇಡುವುದು, ಸೊಂಟ ನೇರ ಇದೆಯಾ ಎಂದು ಪರದೆಯಲ್ಲಿ ನೋಡುವುದು, ಇಳಿಸುವುದು, ಅವರು ನಾಲ್ಕು ಹೆಜ್ಜೆ ನಡೆದು ಬಂದ ಮೇಲೆ ಮತ್ತೆ ಹತ್ತಿಸುವುದು. ತಪ್ಪು ಒಂದೂವರೆ ಪರ್ಸೆಂಟಿನ ಆಸುಪಾಸಿಗೆ ಬಂತು. ಎಷ್ಟು ವ್ಯತ್ಯಾಸ ಬಂದರೆ ಅದು ನಿಜವಾದ ಬದಲಾವಣೆ ಎಂದು ತಿಳಿಯಲು ಈ ತಪ್ಪನ್ನು 2.77ರಿಂದ ಗುಣಿಸುತ್ತಾರೆ. ಗುಣಿಸಿದರೆ ಸುಮಾರು ನಾಲ್ಕು. ಅಂದರೆ ನಮ್ಮ ಯಂತ್ರದಲ್ಲಿ, ನಮ್ಮ ಕೈಯಲ್ಲಿ, ಒಬ್ಬ ರೋಗಿಯ ಸಾಂದ್ರತೆ ನಾಲ್ಕು ಪರ್ಸೆಂಟಿಗಿಂತ ಕಡಿಮೆ ಬದಲಾದರೆ ಅದನ್ನು ಬದಲಾವಣೆ ಎನ್ನುವ ಹಾಗಿಲ್ಲ. ಅವನ ಥೀಸಿಸ್‌ನಲ್ಲಿ ಎರಡು ಪರ್ಸೆಂಟ್ ಏರಿದವರನ್ನೆಲ್ಲ "ಔಷಧಿ ಕೆಲಸ ಮಾಡಿದವರು" ಎಂದು ಎಣಿಸುವ ಯೋಜನೆ ಇತ್ತು! ಒಂದು ವರ್ಷ ಕಷ್ಟಪಟ್ಟು ಅವನು ಮಲಗಿಸುವ ತಪ್ಪನ್ನೇ ಎಣಿಸುತ್ತಿದ್ದ.

ಆ ವಾರವೇ ಗುರುವಾರದ ಸಭೆ ಶುರುವಾಯಿತು. ಸಭೆ ಅನ್ನುವುದು ದೊಡ್ಡ ಮಾತು. ಒಂದು ಮೇಜು, ಏಳೆಂಟು ಕುರ್ಚಿ, ಟೀ. ಸ್ಲೈಡ್ ತರುವ ಹಾಗಿಲ್ಲ. ಕೆಟ್ಟುಹೋದದ್ದನ್ನು ತರಬೇಕು: ಅರ್ಥವಾಗದ ಅಂಕಿ, ತಿರಸ್ಕಾರವಾದ ಅರ್ಜಿ, ಎಥಿಕ್ಸ್ ಕಮಿಟಿ ಕೆಂಪು ಗೆರೆ ಎಳೆದ ಪುಟ. ಮುಗಿದ ಕೆಲಸಕ್ಕೆ ಚಪ್ಪಾಳೆ ತಟ್ಟಲು ಬೇರೆ ಜಾಗಗಳಿವೆ, ಅರ್ಧ ಮುರಿದದ್ದನ್ನು ತೋರಿಸಲು ಹೊಸಬರಿಗೆ ಜಾಗವೇ ಇಲ್ಲ.

ಮೂಳೆಯ ವಿಷಯದಲ್ಲಿ ಇದು ಇನ್ನೂ ಕಷ್ಟ. ಮೂಳೆಗೆ ನಮ್ಮಲ್ಲಿ ಒಂದು ಮನೆ ಅಂತ ಇಲ್ಲ. ಸೊಂಟ ಮುರಿದರೆ ಆರ್ಥೋ, ಕ್ಯಾಲ್ಸಿಯಂ ಇಳಿದರೆ ಮೆಡಿಸಿನ್, ಮಗುವಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ಆದರೆ ಮಕ್ಕಳ ವಿಭಾಗ, ಮುಟ್ಟು ನಿಂತವರದು ಸ್ತ್ರೀರೋಗ ವಿಭಾಗ, ಕಿಡ್ನಿ ಕೆಟ್ಟು ಮೂಳೆ ಹಾಳಾದರೆ ನೆಫ್ರಾಲಜಿ, ನೀರಿನ ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಫ್ಲೋರೋಸಿಸ್ ಆದರೆ ಡೆಂಟಲ್ ಕಾಲೇಜು. ಪ್ರತಿ ವಿಭಾಗದಲ್ಲೂ ಮೂಳೆಯ ಬಗ್ಗೆ ಆಸೆ ಇರುವ ಒಬ್ಬನೋ ಒಬ್ಬಳೋ ಇರುತ್ತಾರೆ, ಒಂಟಿಯಾಗಿ. ಪಕ್ಕದ ಕಟ್ಟಡದಲ್ಲಿ ಅದೇ ಪ್ರಶ್ನೆ ಹಿಡಿದು ಇನ್ನೊಬ್ಬರು ಕೂತಿರುವುದು ಗೊತ್ತೇ ಇರುವುದಿಲ್ಲ. ನಾನು ಮಾಡಿದ ಮೊದಲ ನಿಜವಾದ ಸಹಾಯ ಅಂದರೆ ಫೋನ್ ಮಾಡಿ ಮಾಡಿ ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸಿದ್ದು. ಅದಕ್ಕೆ ದುಡ್ಡು ಬೇಕಾಗಲಿಲ್ಲ.

ಹಾಗೆ ಬಂದವಳು ಬಯೋಕೆಮಿಸ್ಟ್ರಿಯ ಒಬ್ಬ ಪಿಎಚ್‌ಡಿ ಹುಡುಗಿ. ಪಾವಗಡದ ಕಡೆ ಹಳ್ಳಿಗಳಲ್ಲಿ ಫ್ಲೋರೈಡ್ ನೀರು ಕುಡಿದವರ ರಕ್ತ ತಂದು, ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಹಾರ್ಮೋನ್, ಅಂದರೆ ಪಿಟಿಎಚ್ ಅಳೆಯುತ್ತಿದ್ದಳು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಿತಿ. ಆ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟಿವೆ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಫ್ಲೋರೋಸಿಸ್ ಕಾಯಿಲೆ ಮೂಳೆಗೆ ಏನು ಮಾಡುತ್ತದೆ ಎಂದು ವೈದ್ಯರು ಬರೆದದ್ದು 1937ರಲ್ಲಿ. ಅಷ್ಟು ಹಳೆಯ ಸಂಗತಿ, ಇವತ್ತಿಗೂ ಮುಗಿದಿಲ್ಲ.

ಅವಳ ಪಟ್ಟಿಯಲ್ಲಿ ಕೆಲವರ ಪಿಟಿಎಚ್ ತೀರಾ ಕಡಿಮೆ ಇತ್ತು. ಫ್ಲೋರೈಡ್‌ನಿಂದಲೇ ಹೀಗೆ ಅಂತ ಒಂದು ವಿವರಣೆಯನ್ನೂ ಬರೆದಿಟ್ಟಿದ್ದಳು. ನಮ್ಮ ಮೇಜಿನಲ್ಲಿದ್ದ ಲ್ಯಾಬ್ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು. "ಯಾವ ಟ್ಯೂಬು? ಎಷ್ಟು ಹೊತ್ತಿಗೆ ತಿರುಗಿಸಿದೆ?" ಕೆಂಪು ಮುಚ್ಚಳದ ಸಾದಾ ಟ್ಯೂಬ್. ಏಪ್ರಿಲ್ ಬಿಸಿಲು. ಬೆಂಗಳೂರಿಗೆ ಬಂದು, ರಕ್ತವನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಹಾಕುವಷ್ಟರಲ್ಲಿ ಸಂಜೆ.

ಬಯ್ಯಬಹುದಿತ್ತು. ಬಯ್ದರೆ ಅವಳು ಮುಂದಿನ ಸಲ ಕೆಟ್ಟ ಅಂಕಿಯನ್ನು ಮುಚ್ಚಿಡುತ್ತಿದ್ದಳು, ಅಲ್ವಾ? ಅದರ ಬದಲು ಒಂದು ಸಣ್ಣ ಪರೀಕ್ಷೆ ಮಾಡಿದೆವು. ಕಮಿಟಿಯ ಅನುಮತಿ ಪಡೆದು ನಮ್ಮದೇ ರಕ್ತ ಕೊಟ್ಟೆವು, ಎಂಟು ಜನ. ಅರ್ಧ ಸಾದಾ ಟ್ಯೂಬಿಗೆ, ಅರ್ಧ ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿಗೆ. ಒಂದು ಸಾಲನ್ನು ಕೂಡಲೇ ತಿರುಗಿಸಿದೆವು, ಇನ್ನೊಂದನ್ನು ಆರು ಗಂಟೆ ಮೇಜಿನ ಮೇಲೆ ಹಾಗೇ ಬಿಟ್ಟೆವು. ಸಾದಾ ಟ್ಯೂಬಿನ ಪಿಟಿಎಚ್ ಕುಸಿದಿತ್ತು. ನೇರಳೆಯದು ಬಹುತೇಕ ಹಾಗೇ ಇತ್ತು. ಇದು ಹೊಸ ವಿಷಯವೇನಲ್ಲ, ಪುಸ್ತಕದಲ್ಲಿ ಇದೆ. ಆದರೆ ತನ್ನ ಸ್ವಂತ ರಕ್ತದ ಅಂಕಿ ಕಣ್ಣೆದುರು ಇಳಿದದ್ದನ್ನು ಅವಳು ಮರೆಯುವುದಿಲ್ಲ.

ಮುಂದಿನ ಸಲ ಐಸ್ ಬಾಕ್ಸ್, ನೇರಳೆ ಟ್ಯೂಬ್, ಜೊತೆಗೆ ಒಂದು ಸಣ್ಣ ಸೆಂಟ್ರಿಫ್ಯೂಜ್ ತೆಗೆದುಕೊಂಡು ಹೋಗಿ ಹಳ್ಳಿಯ ಶಾಲೆಯಲ್ಲೇ ಪ್ಲಗ್ ಹಾಕಿದಳು. ಕ್ಯಾಲ್ಸಿಯಂಗೆ ಮಾತ್ರ ಬೇರೆ ಟ್ಯೂಬ್, ಏಕೆಂದರೆ ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದುಬಿಡುತ್ತದೆ, ಅದೇ ಟ್ಯೂಬಿನಲ್ಲಿ ಅಳೆದರೆ ಎಲ್ಲರಿಗೂ ಕ್ಯಾಲ್ಸಿಯಂ ಕಡಿಮೆ ಅಂತ ಬರುತ್ತದೆ. ಆ ಪ್ರವಾಸಕ್ಕೆ ನಾನೂ ಹೋಗಿದ್ದೆ. ಕತ್ತು ತಿರುಗಿಸಲು ಆಗದ ಒಬ್ಬ ರೈತರು, ಮಾತಾಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದರು. ಅವರ ಡೆಕ್ಸಾ ರಿಪೋರ್ಟ್ ನೋಡಿ ಯಾರೋ "ನಿಮ್ಮ ಮೂಳೆ ತುಂಬ ಗಟ್ಟಿ ಇದೆ" ಅಂದಿದ್ದರಂತೆ. "ಗಟ್ಟಿ ಇದ್ರೆ ನೋವ್ಯಾಕವ್ವ?" ಎಂದು ಇವಳನ್ನು ಕೇಳಿದರು. ಫ್ಲೋರೈಡ್ ತುಂಬಿದ ಮೂಳೆ ಯಂತ್ರಕ್ಕೆ ದಟ್ಟವಾಗಿ ಕಾಣುತ್ತದೆ, ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜುಗಳು ಸುಣ್ಣಗಟ್ಟಿರುತ್ತವೆ, ಆದರೆ ಮೂಳೆಯ ಗುಣ ಕೆಟ್ಟಿರುತ್ತದೆ. ಇದನ್ನು ಅವರಿಗೆ ಅರ್ಥವಾಗುವ ಹಾಗೆ ಹೇಳಲು ಅವಳಿಗೆ ಹತ್ತು ನಿಮಿಷ ಹಿಡಿಯಿತು. ವಾಪಸ್ ಬರುವಾಗ ಜೀಪಿನಲ್ಲಿ ಥೀಸಿಸ್‌ನ ಪ್ರಶ್ನೆಯನ್ನೇ ಬದಲಿಸಿದಳು.

ಅಲ್ಲಿಂದ ನನಗೆ ಒಂದು ಅಭ್ಯಾಸ ಬಂತು. ಸಮ್ಮೇಳನಕ್ಕೆ ಹೋಗುವ ಮುಂಚೆ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಒಮ್ಮೆ ಕನ್ನಡದಲ್ಲಿ ಹೇಳಬೇಕು. ನಮ್ಮ ಹುಡುಗರಲ್ಲಿ ಅರ್ಧ ಜನ ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ಗಂಟಲು ಒಣಗುತ್ತದೆ, ಗೊತ್ತಿರುವ ಉತ್ತರವೂ ಹೊರಗೆ ಬರುವುದಿಲ್ಲ. ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿದರೆ ತಮಗೆ ಯಾವುದು ಗೊತ್ತಿದೆ, ಯಾವುದು ಬರೀ ಬಾಯಿಪಾಠ ಅಂತ ಅವರಿಗೇ ತಿಳಿಯುತ್ತದೆ. ಆಮೇಲೆ ಇಂಗ್ಲಿಷಿನಲ್ಲಿ ಎರಡು ಸಲ, ಮೂರು ಸಲ. ವಿದೇಶದಲ್ಲಿ ಮೂಳೆ ಸಂಶೋಧನೆ ಮಾಡುವ ನಮ್ಮ ಕಡೆಯವರೊಬ್ಬರು ಭಾನುವಾರ ವಿಡಿಯೋದಲ್ಲಿ ಬಂದು ಕಷ್ಟದ ಪ್ರಶ್ನೆಗಳನ್ನು ಕೇಳುತ್ತಾರೆ. ಇಂಡಿಯನ್ ಸೊಸೈಟಿ ಫಾರ್ ಬೋನ್ ಅಂಡ್ ಮಿನರಲ್ ರಿಸರ್ಚ್‌ನ ಸಮ್ಮೇಳನವಾಗಲಿ, ಅಮೆರಿಕ ಯುರೋಪಿನ ದೊಡ್ಡ ಸಂಘಗಳದ್ದಾಗಲಿ, ಹೊಸಬರಿಗೆ ಅಂತಲೇ ಇರುವ ಪ್ರಯಾಣ ಧನ, ಪ್ರಶಸ್ತಿಗಳ ಕೊನೆಯ ದಿನಾಂಕವನ್ನು ನಾನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತೇನೆ. ಅರ್ಜಿ ಹಾಕು ಅಂತ ಹೇಳುವವರು ಇಲ್ಲದೆ ಕಳೆದುಹೋಗುವ ಅವಕಾಶಗಳೇ ಜಾಸ್ತಿ.

ನನ್ನ ಒಂದು ತಪ್ಪನ್ನೂ ಹೇಳಬೇಕು. ಸಭೆ ಸಂಜೆ ನಾಲ್ಕೂವರೆಗೆ ಇತ್ತು. ಹೆರಿಗೆ ರಜೆ ಮುಗಿಸಿ ಬಂದ ಒಬ್ಬ ಯುವ ವೈದ್ಯೆ ಎರಡು ತಿಂಗಳು ಬರಲೇ ಇಲ್ಲ. ಆಸಕ್ತಿ ಹೋಗಿದೆ ಅಂದುಕೊಂಡೆ. ಆಸಕ್ತಿ ಎಲ್ಲೂ ಹೋಗಿರಲಿಲ್ಲ, ಐದು ಗಂಟೆಗೆ ಮಗುವಿಗೆ ಹಾಲು ಕೊಡಲು ಅವಳು ಮನೆಯಲ್ಲಿರಬೇಕಿತ್ತು. ಕೇಳಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಸಭೆಯನ್ನು ಮಧ್ಯಾಹ್ನ ಒಂದೂವರೆಗೆ ತಂದೆವು, ಊಟದ ಡಬ್ಬಿ ಜೊತೆ. ಅವಳು ಬಂದ ಮೊದಲ ಗುರುವಾರವೇ ಒಂದು ಪ್ರಶ್ನೆ ತಂದಳು. ಹಾಲೂಡಿಸುವ ಮೊದಲ ತಿಂಗಳುಗಳಲ್ಲಿ ತಾಯಿಯ ಬೆನ್ನುಮೂಳೆಯ ಸಾಂದ್ರತೆ 3ರಿಂದ 10 ಪರ್ಸೆಂಟ್ ತನಕ ಇಳಿಯಬಹುದು, ಹಾಲು ಬಿಡಿಸಿದ ಮೇಲೆ ಬಹುತೇಕರಲ್ಲಿ ಅದು ವಾಪಸ್ ಬರುತ್ತದೆ. ಇದು ಗೊತ್ತಿರುವ ಸಂಗತಿ. "ಆದರೆ ನಮ್ಮ ಬಾಣಂತಿಯರು ಕತ್ತಲೆ ಕೋಣೆಯಲ್ಲಿ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಬಿಸಿಲೇ ಕಾಣದೆ ಇರುತ್ತಾರಲ್ಲ ಮೇಡಂ, ಅವರ ವಿಟಮಿನ್ ಡಿ ಏನಾಗುತ್ತೆ?" ಆ ಕೋಣೆಯಿಂದ ಆಗಷ್ಟೇ ಹೊರಗೆ ಬಂದವಳಿಗೆ ಹೊಳೆದ ಪ್ರಶ್ನೆ ಅದು. ನನಗೆ ಇಪ್ಪತ್ತು ವರ್ಷದಲ್ಲಿ ಹೊಳೆದಿರಲಿಲ್ಲ.

ಫಲಿತಾಂಶ ಏನೂ ಬರದಿದ್ದಾಗ ಜೊತೆಗಿರುವುದು ಎಲ್ಲಕ್ಕಿಂತ ಮುಖ್ಯ. ಒಬ್ಬ ಹುಡುಗ ವಿಟಮಿನ್ ಡಿ ಕೊಟ್ಟು ಸ್ನಾಯುವಿನ ಶಕ್ತಿ ನೋಡಿದ್ದ. ಎರಡೂ ಗುಂಪಿಗೆ ವ್ಯತ್ಯಾಸ ಇಲ್ಲ. ಕಣ್ಣು ಒದ್ದೆ ಮಾಡಿಕೊಂಡು ಕೂತಿದ್ದ. 2022ರಲ್ಲಿ ಬಂದ ಅಮೆರಿಕದ ವೈಟಲ್ ಅಧ್ಯಯನವನ್ನು ಅವನ ಮುಂದೆ ತೆರೆದೆ. 25,871 ಜನ, ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ, ಮೂಳೆ ಮುರಿತ ಕಡಿಮೆಯಾಗಲಿಲ್ಲ. ಏನೂ ಆಗಲಿಲ್ಲ ಎಂಬುದೇ ಜಗತ್ತಿನ ದೊಡ್ಡ ಜರ್ನಲ್‌ನಲ್ಲಿ ಅಚ್ಚಾಯಿತು. ಆದರೆ ಅವರು ಕೊರತೆ ಇದ್ದವರನ್ನೇ ಆರಿಸಿಕೊಂಡಿರಲಿಲ್ಲ, ಹಾಗಾಗಿ ಕೊರತೆ ಇರುವವರಿಗೆ ವಿಟಮಿನ್ ಡಿ ಬೇಡ ಅಂತ ಅದರ ಅರ್ಥವಲ್ಲ. ಅವನ ಗುಂಪಿನಲ್ಲಿ ಎಷ್ಟು ಜನಕ್ಕೆ ನಿಜಕ್ಕೂ ಕೊರತೆ ಇತ್ತು? ಆ ಪ್ರಶ್ನೆಯಿಂದಲೇ ಪೇಪರ್ ಬರೆದ.

ಹೆಸರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನನ್ನ ಎಳೆಯ ವಯಸ್ಸಿನಲ್ಲಿ ಒಂದು ಪೇಪರ್‌ಗೆ ರಾತ್ರಿ ಹಗಲು ದುಡಿದಿದ್ದೆ. ಅಚ್ಚಾದಾಗ ನನ್ನ ಹೆಸರು ನಾಲ್ಕನೆಯದಾಗಿತ್ತು. ಕೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಈಗ ಕೆಲಸ ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಯಾರು ಏನು ಮಾಡುತ್ತಾರೆ, ಯಾರ ಹೆಸರು ಎಲ್ಲಿ ಎಂದು ಬರೆದು ಎಲ್ಲರೂ ಸಹಿ ಹಾಕುತ್ತೇವೆ, ನಾನೂ ಹಾಕುತ್ತೇನೆ.

ಎಂಬಿಬಿಎಸ್ ಮಕ್ಕಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎರಡು ತಿಂಗಳ ವಿದ್ಯಾರ್ಥಿ ಯೋಜನೆ ಇದೆ, 1979ರಿಂದ ನಡೆಯುತ್ತಿದೆ. ಎರಡು ತಿಂಗಳಿಗೆ ಒಂದು ಸಣ್ಣ, ಚೊಕ್ಕ ಪ್ರಶ್ನೆ ಸಾಕು. ಸೊಂಟ ಮುರಿದು ಆಪರೇಷನ್ ಆಗಿ ಮನೆಗೆ ಹೋಗುವ ಎಷ್ಟು ಅಜ್ಜಿಯರ ಡಿಸ್ಚಾರ್ಜ್ ಚೀಟಿಯಲ್ಲಿ ಮೂಳೆ ಸವೆತದ ಔಷಧಿ ಬರೆದಿದೆ? ಒಬ್ಬ ಹುಡುಗಿ ಕೂತು ಚೀಟಿಗಳನ್ನು ಎಣಿಸಿದಳು. ಬೆರಳೆಣಿಕೆಯಷ್ಟು. ಆ ಎಣಿಕೆ ನೋಡಿ ಆರ್ಥೋದವರು ತಮ್ಮ ಚೀಟಿಯಲ್ಲಿ ಒಂದು ಸಾಲು ಸೇರಿಸಿದರು.

ನನ್ನ ಕೈಲಾಗದ್ದು ಒಂದಿದೆ. ಪಾವಗಡದ ಹುಡುಗಿಯ ಫೆಲೋಶಿಪ್ ಮಾರ್ಚ್‌ಗೆ ಮುಗಿಯುತ್ತದೆ. ಅವಳಿಗೆ ಕೊಡಲು ನನ್ನ ಹತ್ತಿರ ಕೆಲಸ ಇಲ್ಲ. ಮೂರು ಕಡೆಗೆ ಶಿಫಾರಸು ಪತ್ರ ಬರೆದಿದ್ದೇನೆ, ಅವಳ ಟ್ಯೂಬಿನ ಕತೆಯನ್ನೂ ಸೇರಿಸಿ, ಏಕೆಂದರೆ ತನ್ನ ತಪ್ಪು ಅಂಕಿಯನ್ನು ತಾನೇ ಮೇಜಿನ ಮೇಲೆ ತಂದಿಟ್ಟವಳು ಅವಳು. ಹೊಸ ಅನುದಾನಕ್ಕೆ ಅವಳ ಸ್ವಂತ ಹೆಸರಿನಲ್ಲೇ ಅರ್ಜಿ ತಯಾರಾಗುತ್ತಿದೆ. ಈ ಗುರುವಾರ ಬಜೆಟ್ ಪುಟ ನೋಡಬೇಕು. ಸೆಂಟ್ರಿಫ್ಯೂಜಿನ ಕೊಟೇಶನ್ ಇನ್ನೂ ಬಂದಿಲ್ಲ.